ಮುರಿದ ಗಾಲಿ ಆಮೇಲೆ, ನೆಲ ಮೊದಲು: ಕಚ್ಚಾ ರನ್‌ವೇಲಿ ಯುದ್ಧಕಾಲದ ಬಾಂಬರ್‌ಗಳ ದೋಷ ಹುಡುಕೋ ಬಗೆ

ಎರಡನೇ ಮಹಾಯುದ್ಧದ ಬಾಂಬರ್ ಫೋಟೋ ಯಾವುದಾದ್ರೂ ಕಣ್ಣಿಗೆ ಬಿದ್ರೆ ನಾನು ಮೊದಲು ನೋಡೋದು ಗಾಲಿ, ಆಮೇಲೆ ಸ್ಟ್ರಟ್ಟು (ಗಾಲಿನ ಬಾಡಿಗೆ ಸೇರಿಸೋ, ಏಟು ನುಂಗೋ ಕಾಲು), ಆಮೇಲೆ ಗಾಲಿ ಕೆಳಗಿನ ನೆಲ. ವರ್ಷಾನುಗಟ್ಟಲೆ ಸಣ್ಣ ವಿಮಾನಗಳ ಏರ್‌ಫ್ರೇಮ್ (ಇಂಜಿನ್ ಬಿಟ್ಟು ಉಳಿದ ಮೈ) ಕೆಲಸ ಮಾಡಿದ ಅಭ್ಯಾಸ ಅದು. ಮೂಗು ನೆಲಕ್ಕೆ ಕುಕ್ಕಿ ಬಾಲ ಎತ್ಕೊಂಡು ನಿಂತಿರೋ ಅಮೆರಿಕದ ಲಿಬರೇಟರ್‌ಗಳು, ಅಚ್ಚಿನ ತನಕ ಕೆಸರಲ್ಲಿ ಹೂತಿರೋ ಜರ್ಮನಿಯ ಸ್ಟೂಕಾಗಳು, ಇಂಥ ಫೋಟೋಗಳು ಬೇಕಾದಷ್ಟು ಸಿಗ್ತವೆ. ಕೆಳಗೆ ಒಂದೇ ಸಾಲು ಇರತ್ತೆ, ಮುಂದಿನ ಗಾಲಿ ಮುರಿದು ಅಪಘಾತ ಅಂತ. ಮುರೀತು ಸರಿ, ಯಾಕೆ ಮುರೀತು ಅಂತ ಯಾರೂ ಬರೆಯಲ್ಲ.

ಈ ವಿಮಾನಗಳನ್ನ ಕಾರ್ಖಾನೇಲಿ ಮಾಡುವಾಗ ಕಣ್ಣ ಮುಂದೆ ಇದ್ದಿದ್ದು ಒಳ್ಳೆ ಗಟ್ಟಿ ರನ್‌ವೇ, ಮೆಕ್ಯಾನಿಕ್‌ಗಳಿಗೆ ಸಿಕ್ಕಿದ್ದು ಹವಳದ ಪುಡಿ, ಕಾಡು ಕಡಿದು ಮಟ್ಟ ಮಾಡಿದ ಹುಲ್ಲುನೆಲ, ಮರುಭೂಮಿ, ರಷ್ಯಾದ ಕೆಸರು. ಅವ್ರು ಅಲ್ಲಲ್ಲೇ ಏನೇನೋ ಬದಲಾವಣೆ ಮಾಡ್ಕೊಂಡ್ರು, ಕೆಲವು ಆಮೇಲೆ ಕಾರ್ಖಾನೆ ಡ್ರಾಯಿಂಗಿಗೂ ಸೇರಿದ್ವು. ಅಂಥ ಒಂದೊಂದು ಬದಲಾವಣೆ ಹಿಂದೇನೂ ಯಾರೋ ಒಬ್ಬ ಬಿಸಿಲಲ್ಲೋ ಮಳೇಲೋ ವಿಮಾನದ ಕೆಳಗೆ ಅಂಗಾತ ಮಲಗಿ ದೋಷದ ಬುಡ ಹುಡುಕಿದಾನೆ. ಅವನ ಜಾಗದಲ್ಲಿ ನಿಂತು ನೋಡಿದ್ರೆ ಯಾವ ಲಕ್ಷಣಕ್ಕೆ ಎಲ್ಲಿಂದ ಶುರು ಮಾಡ್ಬೇಕು ಅನ್ನೋದನ್ನ ಬರೀತೀನಿ.

ಮೊದಲೇ ಒಂದು ಮಾತು ಹೇಳ್ಬಿಡ್ತೀನಿ, ಉಳಿದಿದ್ದೆಲ್ಲ ಇದರ ಮೇಲೇ ನಿಂತಿದೆ. ಏಟು ಬರೋದಕ್ಕೆ ಒಂದು ದಾರಿ ಇರತ್ತೆ, ನೆಲದಿಂದ ಟೈರಿಗೆ, ಟೈರಿಂದ ಬೇರಿಂಗಿಗೆ, ಅಲ್ಲಿಂದ ಸ್ಟ್ರಟ್ಟಿಗೆ, ಸ್ಟ್ರಟ್ ಹಿಡಿದಿರೋ ತೋಳು ಬೋಲ್ಟುಗಳಿಗೆ, ಕೊನೇಗೆ ಬಾಡಿಗೆ. ಈ ಸಾಲಲ್ಲಿ ಯಾರೋ ಒಬ್ರು ತಮ್ಮ ಪಾಲಿನ ಏಟು ತಡೀಲಿಲ್ಲ ಅಂದ್ರೆ ಅವರ ಮುಂದೆ ಇರೋರು ಮುರೀತಾರೆ. ಮುರಿದಿದ್ದನ್ನ ಬದಲಾಯಿಸಿ ಕೈ ತೊಳ್ಕೊಂಡ್ರೆ ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಎಳೆದಂಗೆ, ಹೊಸ ಪಾರ್ಟೂ ನಾಲ್ಕು ದಿನಕ್ಕೆ ಅದೇ ಜಾಗದಲ್ಲಿ ಮುರಿಯತ್ತೆ. ಯಾವಾಗ್ಲೂ ನೆಲದಿಂದ ಮೇಲಕ್ಕೆ ಹುಡುಕ್ತಾ ಹೋಗಿ.

ಮುಂದಿನ ಗಾಲಿ ಗಡಗಡ ನಡುಗ್ತಿದೆ

ಎಲ್ಲಕ್ಕಿಂತ ಗೋಜಲಿನ ಕಂಪ್ಲೇಂಟು ಇದು, ಸ್ವಲ್ಪ ವಿವರವಾಗೇ ಹೇಳ್ತೀನಿ. ಬಿ-24 ಲಿಬರೇಟರ್ರು, ಬಿ-25 ಮಿಚೆಲ್ಲು ಎರಡೂ ಮೂಗಿನ ಕೆಳಗೆ ಗಾಲಿ ಇರೋ ವಿಮಾನಗಳು, ಬಿ-17ರ ಥರ ಬಾಲದ ಗಾಲಿಯವಲ್ಲ. ಆದ್ರೆ ಆ ಮುಂದಿನ ಗಾಲಿಗೆ ಸ್ಟೀರಿಂಗ್ ಇರ್ಲಿಲ್ಲ, ಆಸ್ಪತ್ರೆ ಸ್ಟ್ರೆಚರ್ ಗಾಲಿ ಥರ ತನ್ನ ಪಾಡಿಗೆ ತಾನು ತಿರುಗ್ತಿತ್ತು, ಪೈಲಟ್ ಒಂದು ಕಡೆ ಬ್ರೇಕ್ ಒತ್ತಿ ಇಲ್ಲಾ ಒಂದು ಕಡೆ ಇಂಜಿನ್ ಜಾಸ್ತಿ ಮಾಡಿ ವಿಮಾನ ತಿರುಗಿಸ್ತಿದ್ದ. ಸ್ಟ್ರೆಚರ್ ಜೋರಾಗಿ ತಳ್ಕೊಂಡು ಓಡ್ತಿರುವಾಗ ಒಂದು ಗಾಲಿ ಪಟಪಟ ಅಂತ ಎಡಕ್ಕೂ ಬಲಕ್ಕೂ ಹೊಡ್ಕೊಳ್ಳೋದು ನೋಡಿರ್ತೀರಲ್ಲ, ಅದನ್ನೇ ಶಿಮ್ಮಿ ಅನ್ನೋದು. ಲಿಬರೇಟರ್ ಪೂರ್ತಿ ಲೋಡಲ್ಲಿ 29 ಟನ್ ತನಕ ಹೋಗೋದು, ಅಂಥದ್ರ ಮೂಗಲ್ಲಿ ಇದು ಶುರುವಾದ್ರೆ ಕೆಲವೇ ಸೆಕೆಂಡಲ್ಲಿ ಕಾಲೇ ಕಿತ್ಕೊಂಡು ಬರ್ಬಹುದು. ಇದನ್ನ ತಡಿಯೋಕೆ ಅಂತಲೇ ಶಿಮ್ಮಿ ಡ್ಯಾಂಪರ್ ಇರತ್ತೆ, ಸಣ್ಣ ತೂತಿನ ಮೂಲಕ ಎಣ್ಣೆ ಅತ್ಲಾಗೆ ಇತ್ಲಾಗೆ ಹೋಗ್ಬೇಕಾಗಿರೋದ್ರಿಂದ ಗಾಲಿ ನಿಧಾನಕ್ಕೆ ತಿರುಗೋಕೆ ಬಿಡತ್ತೆ, ಪಟಪಟ ಹೊಡ್ಕೊಳ್ಳೋಕೆ ಬಿಡಲ್ಲ.

ಸ್ಪ್ಯಾನರ್ ಮುಟ್ಟೋಕೆ ಮುಂಚೆ ಪೈಲಟ್‌ನ ಕೇಳಿ, ಯಾವ ಸ್ಪೀಡಲ್ಲಿ ಶುರುವಾಯ್ತು, ಯಾವಾಗ ನಿಂತ್ಹೋಯ್ತು. ನಿಧಾನಕ್ಕೆ ಹೋಗುವಾಗ್ಲೇ ಸಣ್ಣಗೆ ಇದ್ದು ಸ್ಪೀಡ್ ಏರಿದಂಗೆ ಏರ್ತಾ ಹೋಯ್ತು ಅಂದ್ರೆ ಅದು ಶಿಮ್ಮಿ ಅಲ್ಲ, ಗಾಲಿ ಬ್ಯಾಲೆನ್ಸ್ ತಪ್ಪಿದೆ. ಟೈರಿನ ಒಂದು ಮಗ್ಗುಲಿಗೆ ಕೆಸರು ಮೆತ್ಕೊಂಡು ಒಣಗಿದ್ರೂ ಸಾಕು ಅಷ್ಟಾಗೋಕೆ, ಕೆರೆದು ತೊಳೆದು ಇನ್ನೊಂದು ಸಲ ಓಡಿಸಿ ನೋಡಿ. ಒಂದು ಸ್ಪೀಡಿಗೆ ಬಂದ ತಕ್ಷಣ ದಿಢೀರಂತ ಶುರುವಾಯ್ತು, ಕಂಟ್ರೋಲ್ ಹಿಂದಕ್ಕೆ ಎಳೆದು ಮೂಗಿನ ಭಾರ ಇಳಿಸಿದ್ರೆ ನಿಂತ್ಹೋಯ್ತು ಅಂದ್ರೆ ಅದು ಶಿಮ್ಮಿನೇ.

ಆಮೇಲೆ ಮೂಗನ್ನ ಜ್ಯಾಕ್ ಮೇಲೆ ಎತ್ತಿ ಗಾಲಿ ನೆಲ ಬಿಡೋ ಹಂಗೆ ಮಾಡಿ. ಟೈರಿನ ಮೇಲ್ಭಾಗ ಕೆಳಭಾಗ ಎರಡೂ ಕೈಯಲ್ಲಿ ಹಿಡ್ಕೊಂಡು ಒಂದು ಕೈ ತಳ್ಳಿ ಒಂದು ಕೈ ಎಳೀರಿ, ಟಕ್ ಅಂತ ಅಲ್ಲಾಡಿದ್ರೆ ಬೇರಿಂಗ್ ಲೂಸು. ಈಗ ಟೈರಿನ ಮುಂಭಾಗ ಹಿಡಿದು ಜೋರಾಗಿ ಎಡಕ್ಕೆ ಬಲಕ್ಕೆ ತಿರುಗಿಸಿ. ಮೊದಲು ಒಂದು ಬೆರಳಗಲ ಸುಮ್ನೆ ಲೊಡಲೊಡ ಅಂತ ಹೋಗಿ ಆಮೇಲೆ ಬಿಗಿ ಸಿಕ್ರೆ ಕೀಲುಗಳ ಬುಶ್ (ಒಳಗಿನ ಲೋಹದ ಬಳೆ) ಸವೆದಿದೆ, ಡ್ಯಾಂಪರ್ ಎಷ್ಟೇ ಚೆನ್ನಾಗಿದ್ರೂ ಆ ಒಂದು ಬೆರಳಗಲದಲ್ಲಿ ಅದಕ್ಕೆ ಕೆಲಸವೇ ಇರಲ್ಲ, ಶಿಮ್ಮಿ ಹುಟ್ಟೋದೇ ಅಷ್ಟು ಜಾಗದಲ್ಲಿ. ಶುರುವಿಂದಲೇ ಜೇನುತುಪ್ಪ ಕಲಸಿದಂಗೆ ಒಂದೇ ಸಮ ತಡೀತಾ ತಿರುಗಿದ್ರೆ ಡ್ಯಾಂಪರ್ ಸರಿ ಇದೆ. ಎತ್ಲಾಗೆ ತಿರುಗಿಸಿದ್ರೂ ಸಲೀಸಾಗಿ ಹೋದ್ರೆ ಎಣ್ಣೆ ಖಾಲಿ, ಇಲ್ಲಾ ಡ್ಯಾಂಪರ್ ಕನೆಕ್ಟೇ ಆಗಿಲ್ಲ. ಸ್ವಲ್ಪ ಹೊತ್ತು ತಡೆದು ನಡುವೆ ಒಮ್ಮೆ ಜಾರಿದಂಗಾಗಿ ಮತ್ತೆ ತಡೆದ್ರೆ ಎಣ್ಣೆಯೊಳಗೆ ಗಾಳಿ ಸೇರಿದೆ.

ಈ ಕೊನೇದು ನನಗೆ ಪಾಠ ಕಲಿಸಿದ್ದು. ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಂದು ಟ್ರೈನರ್ ವಿಮಾನ ಹಿಂಗೇ ನಡುಗ್ತಿತ್ತು, ನಾವು ಇಬ್ರು ಹುಡುಗರು ಟೈರ್ ಬದಲಾಯಿಸಿದ್ವಿ, ಹೋಗ್ಲಿಲ್ಲ, ಇನ್ನೊಂದು ಟೈರ್ ಹಾಕಿದ್ವಿ, ಹೋಗ್ಲಿಲ್ಲ, ಬೇರಿಂಗೂ ಬಿಚ್ಚಿದ್ವಿ. ಹಳೇ ಮೇಸ್ತ್ರಿ ಒಬ್ರು ಬಂದು ಮಾತಾಡದೆ ಗಾಲಿ ಹಿಡಿದು ಎರಡೇ ಸಲ ತಿರುಗಿಸಿ ಕಣ್ಣು ಮುಚ್ಕೊಂಡು ನಿಂತ್ರು. "ಇದಕ್ಕೆ ಎಣ್ಣೆ ಯಾವಾಗ ಹಾಕಿದ್ರಿ?" ಅಂದ್ರು. "ಹೋದ ವಾರ ಹಾಕಿದೀವಿ ಸರ್, ಫುಲ್ ಇದೆ" ಅಂದೆ. "ಎಣ್ಣೆ ಹಾಕಿದೀರಪ್ಪ, ಗಾಳಿ ತೆಗೆದಿಲ್ಲ" ಅಂದ್ರು. ಬ್ಲೀಡ್ ಮಾಡಿದಾಗ ಎಣ್ಣೆ ಜೊತೆ ನೊರೆ ನೊರೆಯಾಗಿ ಬಂತು, ಗಾಳಿಗುಳ್ಳೆ ನಿಲ್ಲೋ ತನಕ ಬಿಟ್ವಿ, ಅವತ್ತಿಂದ ಆ ನಡುಕ ಬರ್ಲಿಲ್ಲ. ಲೆವೆಲ್ ನೋಡಿ ಸರಿ ಇದೆ ಅನ್ನೋದು, ಒಳಗೆ ಏನಿದೆ ಅಂತ ಕೈಯಲ್ಲಿ ತಿಳ್ಕೊಳ್ಳೋದು ಬೇರೆ ಬೇರೆ ಅಂತ ಅವತ್ತೇ ಗೊತ್ತಾಗಿದ್ದು.

ಕಚ್ಚಾ ರನ್‌ವೇಲಿ ಇದಕ್ಕೆ ಇನ್ನೊಂದು ಕಾರಣ ಸೇರ್ಕೊಳ್ಳತ್ತೆ, ಟ್ರ್ಯಾಕ್ಟರ್‌ಗೆ ಕಟ್ಟಿ ಎಳೆಯೋದು. ಕೆಸರಲ್ಲಿ ಸಿಕ್ಕಿಹಾಕೊಂಡಿರೋ ವಿಮಾನನ ಮುಂದಿನ ಗಾಲಿ ಹಿಡಿದು ಅಡ್ಡಡ್ಡ ಎಳೆದ್ರೆ ಗಾಲಿ ತನ್ನ ಮಿತಿ ಮೀರಿ ತಿರುಗತ್ತೆ, ಒಳಗೆ ಡ್ಯಾಂಪರ್ ಮುರಿಯತ್ತೆ, ಹೊರಗಡೆ ಏನೂ ಕಾಣ್ಸಲ್ಲ, ಮಾರನೇ ದಿನ ಟೇಕಾಫಲ್ಲಿ ಕಾಲು ಕಿತ್ತುಹೋಗತ್ತೆ. ಹಂಗಾಗಿ ಶಿಮ್ಮಿ ಕಂಪ್ಲೇಂಟ್ ಬಂದಾಗ ಹಿಂದಿನ ಎರಡು ದಿನದಲ್ಲಿ ಈ ವಿಮಾನನ ಯಾರು ಎಲ್ಲಿಂದ ಎಳೆದ್ರು ಅಂತ ಕೇಳೋದನ್ನ ಮರೀಬೇಡಿ.

ಇನ್ನು ಮೂಗಿನ ಭಾರ. ಇದಕ್ಕೆ ನ್ಯೂಗಿನಿ ಕಡೆಯ ಬಿ-25 ಕಥೆನೇ ಒಳ್ಳೆ ಉದಾಹರಣೆ. 1942ರ ಕೊನೇಲಿ ಜನರಲ್ ಜಾರ್ಜ್ ಕೆನಿ ಕೈಕೆಳಗೆ ಪಾಲ್ ಗನ್ ಅನ್ನೋ ಮೇಜರ್, ಎಲ್ರೂ ಪ್ಯಾಪಿ ಗನ್ ಅಂತಿದ್ದವರು, ನಾರ್ತ್ ಅಮೆರಿಕನ್ ಕಂಪನಿಯ ಜ್ಯಾಕ್ ಫಾಕ್ಸ್ ಜೊತೆ ಸೇರ್ಕೊಂಡು ಆಸ್ಟ್ರೇಲಿಯಾದಲ್ಲೇ ಬಿ-25ರ ಮೂಗು ಬಿಚ್ಚಿ, ಬಾಂಬ್ ಗುರಿ ಇಡೋನು ಕೂರೋ ಜಾಗದಲ್ಲಿ ನಾಲ್ಕು .50 ಕ್ಯಾಲಿಬರ್ ಗನ್ನು, ಬಾಡಿಯ ಎರಡೂ ಮಗ್ಗುಲಿಗೆ ಎರಡೆರಡು ಗನ್ನು ಕೂರಿಸಿದ್ರು, ಹಡಗುಗಳ ಮೇಲೆ ತೀರಾ ಕೆಳಗೆ ಹಾರಿ ಹೊಡೆಯೋಕೆ. 1943ರ ಮಾರ್ಚ್ 2ರಿಂದ 4ರ ತನಕ ನಡೆದ ಬಿಸ್ಮಾರ್ಕ್ ಸಮುದ್ರದ ಕದನದಲ್ಲಿ ಇವೇ ದೊಡ್ಡ ಕೆಲಸ ಮಾಡಿದ್ದು, ಜಪಾನಿನ ಎಂಟಕ್ಕೆ ಎಂಟೂ ಸಾಗಣೆ ಹಡಗು ಮುಳುಗಿದ್ವು. ಸರಿ, ಆದ್ರೆ ಮೆಕ್ಯಾನಿಕ್ ಕಣ್ಣಲ್ಲಿ ನೋಡಿ. ಒಂದೊಂದು ಗನ್ನೇ ಸುಮಾರು 29 ಕೆಜಿ, ಅದರ ಜೊತೆ ಗುಂಡಿನ ಪೆಟ್ಟಿಗೆ, ಕೂರಿಸೋ ಕಬ್ಬಿಣ, ಎಲ್ಲಾ ವಿಮಾನದ ಮುಂದಿನ ತುದೀಲಿ. ಸಿ.ಜಿ. ಅಂದ್ರೆ ತೂಕದ ನಡುಬಿಂದು ಮುಂದಕ್ಕೆ ಬಂತು, ವಿಮಾನ ಮೂಗು ಭಾರ ಆಯ್ತು, ಅದಕ್ಕೇ ಮಗ್ಗುಲಿನ ಗನ್‌ಗಳನ್ನ ಹಿಂದಕ್ಕೆ ಸರಿಸಿದ್ರು, ಬಾಲದಲ್ಲಿ ಸೀಸದ ತೂಕ ಇಟ್ರು. ಹಾರಾಟದ ದೃಷ್ಟಿಯಿಂದ ಅದು ಸರಿಹೋಗತ್ತೆ, ಆದ್ರೆ ಒಟ್ಟು ತೂಕ ಏರಿತಲ್ಲ, ಗುಂಡಿ ಬಿದ್ದ ರನ್‌ವೇಲಿ ಆ ಹೆಚ್ಚಿನ ತೂಕನೂ ಗಾಲಿಗಳೇ ಹೊರಬೇಕು. ಇಂಥ ವಿಮಾನದಲ್ಲಿ ಮುಂದಿನ ಗಾಲಿ ತೊಂದ್ರೆ ಬಂದ್ರೆ ಗಾಲಿ ಬಿಚ್ಚೋಕೆ ಮುಂಚೆ ಗುಂಡು ಎಷ್ಟು ತುಂಬಿದ್ರು, ಬಾಲದ ತೂಕ ಅಲ್ಲೇ ಇದೆಯಾ ಇಲ್ಲಾ ಯಾರಾದ್ರೂ ತೆಗೆದಿದಾರಾ ಅಂತ ನೋಡಿ.

ಅದೇ ವಿಮಾನದಲ್ಲಿ ರಿವೆಟ್ ಲೂಸಾಗೋ ತೊಂದ್ರೆನೂ ಬರೋದು, ಯಾಕಂದ್ರೆ ಮಗ್ಗುಲಿನ ಗನ್ ಹೊಡೆದಾಗ ಬಾಯಿಂದ ಬರೋ ಗಾಳಿಯ ಹೊಡೆತಕ್ಕೆ ಪಕ್ಕದ ತಗಡು ಬಡ್ಕೊಂಡು ರಿವೆಟ್ ಎದ್ದು ಬರ್ತಿದ್ವು, ಆ ಜಾಗಕ್ಕೆ ದಪ್ಪ ತಗಡಿನ ಪಟ್ಟಿ ಹಾಕಿದ್ರು. ಆದ್ರೆ ಕೆಟ್ಟ ರನ್‌ವೇಯಿಂದಲೂ ರಿವೆಟ್ ಲೂಸಾಗ್ತವೆ. ಎರಡನ್ನೂ ಬೇರೆ ಮಾಡೋದು ಕಷ್ಟ ಇಲ್ಲ. ಅಲ್ಲಾಡ್ತಿರೋ ರಿವೆಟ್ ಸುತ್ತ ಅಲ್ಯೂಮಿನಿಯಂ ತೇದು ತೇದು ಕಪ್ಪು ಪುಡಿ ಬರತ್ತೆ, ಗಾಳಿಗೆ ಹಿಂದಕ್ಕೆ ಸಣ್ಣ ಬಾಲದ ಥರ ಎಳೆದಿರತ್ತೆ, ಬೆರಳಲ್ಲಿ ಒರೆಸಿದ್ರೆ ಕಾಡಿಗೆ ಥರ ಅಂಟತ್ತೆ. ಈ ಕಪ್ಪು ಬಾಲಗಳು ಗನ್ ಬಾಯಿ ಸುತ್ತಾನೇ ಇದ್ರೆ ಗನ್ನಿನ ಹೊಡೆತ, ಮುಂದಿನ ಗಾಲಿ ಒಳಗೆ ಹೋಗೋ ಗೂಡಿನ ಸುತ್ತ, ಸ್ಟ್ರಟ್ ಕಟ್ಟಿರೋ ಫ್ರೇಮಿನ ಸಾಲಿಗೇ ಇದ್ರೆ ನೆಲದ ಹೊಡೆತ. ಎರಡನೇದಾದ್ರೆ ಬರೀ ರಿವೆಟ್ ಹೊಡೆದು ಬಿಡಬೇಡಿ, ಮುಂದಿನದನ್ನ ಓದಿ.

ಸ್ಟ್ರಟ್ ಎತ್ತರ ಸರಿ ಇದೆ, ಆದ್ರೂ ದಡ್ ಅಂತ ಹೊಡೀತದೆ

ಒಲಿಯೊ ಸ್ಟ್ರಟ್ಟಲ್ಲಿ ಕೆಳಗೆ ಎಣ್ಣೆ, ಮೇಲೆ ಒತ್ತಡದ ಗಾಳಿ. ವಿಮಾನನ ಎತ್ತಿ ನಿಲ್ಸೋದು ಗಾಳಿ, ಏಟು ನುಂಗೋದು ಎಣ್ಣೆ. ಸ್ಟ್ರಟ್ ಕುಸಿದಿದೆ ಅಂದ ತಕ್ಷಣ ಅವಸರದಲ್ಲಿ ಗಾಳಿ ಹೊಡೆದುಬಿಡ್ತಾರೆ, ನೋಡೋಕೆ ಪಿಸ್ಟನ್ ಹೊಳೆಯೋ ಭಾಗ ಎಷ್ಟು ಕಾಣ್ಬೇಕೋ ಅಷ್ಟು ಕಾಣತ್ತೆ, ಎಲ್ರಿಗೂ ಸಮಾಧಾನ. ಒಳಗೆ ಎಣ್ಣೆ ಅರ್ಧ ಸೋರಿಹೋಗಿರತ್ತೆ. ಸಿಮೆಂಟ್ ಮೇಲೆ ಇದು ಗೊತ್ತೇ ಆಗಲ್ಲ, ಗುಂಡಿ ಬಿದ್ದ ನೆಲದ ಮೇಲೆ ಓಡಿದಾಗ ಪಿಸ್ಟನ್ ಪೂರ್ತಿ ಒಳಗೆ ಹೋಗಿ ಲೋಹಕ್ಕೆ ಲೋಹ ಬಡಿಯತ್ತೆ, ಆ ಏಟು ನೇರ ಬಾಡಿಗೆ.

ಕಂಡುಹಿಡಿಯೋಕೆ ಒಂದು ಸುಲಭದ ಉಪಾಯ ಇದೆ. ಪಿಸ್ಟನ್‌ನ ಬಟ್ಟೇಲಿ ಚೆನ್ನಾಗಿ ಒರೆಸಿ, ಮೇಲಿನ ಕಾಲರ್ ಪಕ್ಕ ಸುತ್ತ ಒಂದು ಎಳೆ ಗ್ರೀಸ್ ಬಳೆ ಥರ ಹಚ್ಚಿ, ವಿಮಾನನ ಒಂದು ಸಲ ರನ್‌ವೇ ತುದಿ ತನಕ ಓಡಿಸ್ಕೊಂಡು ಬನ್ನಿ. ಪಿಸ್ಟನ್ ಒಳಗೆ ಹೋದಷ್ಟೂ ಕಾಲರ್ ಆ ಗ್ರೀಸನ್ನ ಕೆಳಕ್ಕೆ ತಳ್ಕೊಂಡು ಹೋಗಿ ಅಲ್ಲೇ ಬಿಟ್ಟಿರತ್ತೆ. ಬಳೆ ನಡುವೆ ಎಲ್ಲೋ ನಿಂತಿದ್ರೆ ಸರಿ, ಪಿಸ್ಟನ್ನಿನ ಬುಡಕ್ಕೆ ಹೋಗಿ ಕೂತಿದ್ರೆ ಸ್ಟ್ರಟ್ ತಳ ಮುಟ್ಟಿದೆ. ಆಗ ಗಾಳಿ ಎಲ್ಲಾ ನಿಧಾನಕ್ಕೆ ಬಿಟ್ಟು, ಸ್ಟ್ರಟ್ ಪೂರ್ತಿ ಒಳಕ್ಕೆ ಹೋದ್ಮೇಲೆ ಎಣ್ಣೆ ಬಾಯಿ ತನಕ ತುಂಬಿಸಿ, ಆಮೇಲೆ ಗಾಳಿ. ಈ ಕ್ರಮ ತಪ್ಪಿಸಬಾರದು.

ಎಣ್ಣೆ ಯಾಕೆ ಸೋರ್ತು ಅಂತ ನೋಡದೇ ಹೋದ್ರೆ ವಾರಕ್ಕೆ ಮತ್ತೆ ಅದೇ ಕಥೆ. ಹವಳ, ಮರಳು ಎರಡೂ ಪಿಸ್ಟನ್ ಮೇಲಿನ ತೆಳು ಎಣ್ಣೆಗೆ ಅಂಟ್ಕೊಂಡು ಸೀಲ್ ಒಳಗೆ ಹೋಗಿ ಎಮರಿ ಪೇಪರ್ ಥರ ಉಜ್ಜುತ್ತೆ. ಉಗುರು ಓಡಿಸಿ ನೋಡಿ, ಉದ್ದುದ್ದ ಗೀರು ಉಗುರಿಗೆ ತಾಕಿದ್ರೆ ಸೀಲ್ ಬದಲಾಯಿಸಿದ್ರೂ ನಿಲ್ಲಲ್ಲ, ಪಿಸ್ಟನ್ನೇ ಹೋಗಿದೆ. ಪ್ರತಿ ಸಲ ಇಳಿದ ಮೇಲೆ ಹೈಡ್ರಾಲಿಕ್ ಎಣ್ಣೇಲಿ ಅದ್ದಿದ ಬಟ್ಟೇಲಿ ಒರೆಸೋದು ಎರಡು ನಿಮಿಷದ ಕೆಲಸ, ಅದಕ್ಕಿಂತ ದೊಡ್ಡ ಮಾಡಿಫಿಕೇಶನ್ ಇಲ್ಲ.

ಇದರ ಉಲ್ಟಾ ತೊಂದ್ರೆನೂ ಇದೆ, ಇಳಿದ ವಿಮಾನ ಚೆಂಡಿನ ಥರ ಪುಟಿದು ಮತ್ತೆ ಮೇಲಕ್ಕೆ ಏಳೋದು. ರಷ್ಯಾದ ಪೈಲಟ್‌ಗಳು ಇದಕ್ಕೆ ಕೊಜ್ಯೋಲ್ ಅಂತಾರೆ, ಹೋತ ಅಂತ ಅರ್ಥ, ಅವರ ಪೆ-2 ಬಾಂಬರ್ ಇದಕ್ಕೆ ಹೆಸರುವಾಸಿ. ಪೈಲಟ್ ಜೋರಾಗಿ ಇಳಿಸಿದ ಅಂತ ಬೈಯೋಕೆ ಮುಂಚೆ ಎರಡೂ ಕಾಲಿನ ಗಾಳಿ ಒತ್ತಡ ಅಳೀರಿ, ಜಾಸ್ತಿ ಗಾಳಿ ತುಂಬಿದ್ರೆ ಸ್ಟ್ರಟ್ ಬರೀ ಸ್ಪ್ರಿಂಗ್ ಆಗ್ಬಿಡತ್ತೆ.

ಟೈರ್ ಕತ್ತರಿಸ್ತಿದೆ

ಇಲ್ಲಿ ನಿಜವಾಗ್ಲೂ ನೆಲದ ಮೇಲೆ ನಡ್ಕೊಂಡು ಹೋಗಿ ನೋಡ್ಬೇಕು, ಕೂತಲ್ಲೇ ಆಗಲ್ಲ. ನ್ಯೂಗಿನಿಯ ಪೋರ್ಟ್ ಮೋರ್ಸ್‌ಬಿ ಸುತ್ತ ಊರಿಂದ ಇರೋ ದೂರದ ಮೇಲೇ ಹೆಸರಿಟ್ಟ ರನ್‌ವೇಗಳಿದ್ವು, 3 ಮೈಲು, 5 ಮೈಲು, 7 ಮೈಲು, 12, 14, 17 ಅಂತ. ಯುದ್ಧಕಾಲದಲ್ಲಿ ಇಂಥ ಕಡೆಗೆಲ್ಲ ಹಾಸ್ತಿದ್ದಿದ್ದು ಮಾರ್ಸ್ಟನ್ ಮ್ಯಾಟ್, ತೂತು ತೂತಿನ ಉಕ್ಕಿನ ಹಲಗೆ. ಒಂದೊಂದೂ 10 ಅಡಿ ಉದ್ದ, 15 ಇಂಚು ಅಗಲ, ಸುಮಾರು 30 ಕೆಜಿ, 87 ತೂತು, ಇಬ್ರು ಹೊತ್ಕೊಂಡು ಹೋಗಿ ಒಂದಕ್ಕೊಂದು ಕೊಕ್ಕೆ ಸಿಕ್ಕಿಸಿ ಹಾಸ್ಬಹುದು. ಕೆಳಗಿನ ಮಣ್ಣು ಗಟ್ಟಿ ಇರೋ ತನಕ ಬಹಳ ಒಳ್ಳೇದು. ಮಳೆ ಬಂದು ಕೆಳಗೆ ಕೆಸರಾದ್ರೆ ವಿಮಾನ ಓಡಿದಂಗೆಲ್ಲ ತೂತುಗಳಿಂದ ಕೆಸರು ಪಿಚಕ್ ಅಂತ ಮೇಲೆ ಬರತ್ತೆ, ಹಲಗೆ ಕೆಳಗೆ ಟೊಳ್ಳಾಗತ್ತೆ, ಹಲಗೆ ಬಾಗತ್ತೆ, ತುದಿ ಮೇಲಕ್ಕೆ ಏಳತ್ತೆ, ಆ ತುದಿ ಚಾಕು.

ಕಡಿತ ಹೆಂಗಿದೆ ಅಂತ ನೋಡಿದ್ರೆ ಕಾರಣ ಹೇಳ್ಬಹುದು. ನೆಲಕ್ಕೆ ತಾಗೋ ಭಾಗದಲ್ಲಿ ಅಡ್ಡಡ್ಡ, ಚೊಕ್ಕವಾಗಿ, ಒಂದೇ ಉದ್ದದ ಕಡಿತ ಇದ್ರೆ ಹಲಗೆ ತುದಿ. ಸಣ್ಣ ಸಣ್ಣದಾಗಿ ಎಲ್ಲಾ ಕಡೆ ಚೂರು ಕಿತ್ತಂಗಿದ್ರೆ ಹವಳ ಇಲ್ಲಾ ಜಲ್ಲಿ. ಟೈರಿನ ಮಗ್ಗುಲಲ್ಲಿ ಸುತ್ತ ಬಿರುಕಿದ್ರೆ ಗಾಳಿ ಕಮ್ಮಿ ಇಟ್ಕೊಂಡು ಓಡಿಸಿದಾರೆ. ಮೆದು ನೆಲದಲ್ಲಿ ಹೂತ್ಕೊಳ್ಬಾರ್ದು ಅಂತ ಗಾಳಿ ಇಳಿಸೋದು ಸಹಜ, ಟೈರ್ ಅಗಲವಾಗಿ ಕೂರತ್ತೆ, ಭಾರ ಹಂಚಿ ಹೋಗತ್ತೆ. ಆದ್ರೆ ಗಾಳಿ ಕಮ್ಮಿಯಾದ್ರೆ ಬ್ರೇಕ್ ಹಿಡಿದಾಗ ಗಾಲಿ ನಿಂತ್ರೂ ಟೈರ್ ಅದರ ಮೇಲೆ ಜಾರತ್ತೆ, ಟ್ಯೂಬಿನ ವಾಲ್ವ್ ಗಾಲಿಗೆ ಸಿಕ್ಕಿಕೊಂಡಿರೋದ್ರಿಂದ ಬುಡದಲ್ಲೇ ಕಿತ್ತು ಬರತ್ತೆ. ಅದಕ್ಕೇ ಟೈರಿನ ಮಗ್ಗುಲಿಂದ ರಿಮ್ಮಿಗೆ ಸೇರಿಸಿ ಪೇಂಟಲ್ಲಿ ಒಂದು ಗೆರೆ ಎಳೀತಾರೆ. ಆ ಗೆರೆ ಮುರಿದು ಎರಡು ಕಡೆ ಸರಿದಿದ್ರೆ ಟೈರ್ ಜಾರಿದೆ, ಬಿಚ್ಚಿ ಸರಿ ಮಾಡದೆ ಹಾರೋಕೆ ಬಿಡಬೇಡಿ.

ನಮ್ಮ ಕಡೆ ಅಸ್ಸಾಂ ಬರ್ಮಾ ಗಡೀಲಿ ಉಕ್ಕಿನ ಬದಲು ಸೆಣಬಿನ ಬಟ್ಟೆಗೆ ಡಾಂಬರ್ ಮೆತ್ತಿ ಹಾಸ್ತಿದ್ರು, ಬಿಥೆಸ್ ಅಂತಿದ್ರು, ಮಳೆ ನೀರು ಮಣ್ಣಿಗೆ ಇಳೀದಂಗೆ ತಡೀತಿತ್ತು. ಬಟ್ಟೆ ತಾನೇ, ಒಂದು ಗಾಲಿ ನಿಲ್ಲಿಸಿ ಅದರ ಮೇಲೇ ವಿಮಾನ ತಿರುಗಿಸಿದ್ರೆ ಹರಿದ್ಹೋಗತ್ತೆ, ಹರಿದ ಕಡೆ ನೀರು ಇಳಿಯತ್ತೆ, ಮಾರನೇ ದಿನ ಅಲ್ಲಿ ಗುಂಡಿ.

ವಿಮಾನವೇ ರನ್‌ವೇನ ಉಳ್ತಿದೆ

ಇದು ಪೆಸಿಫಿಕ್ ಸಾಗರದ ದ್ವೀಪ ಗ್ವಾಡಲ್‌ಕೆನಾಲ್‌ದು, ನನಗೆ ತುಂಬಾ ಇಷ್ಟದ ಕೇಸು. 1942ರ ಆಗಸ್ಟಲ್ಲಿ ಅಮೆರಿಕದವರು ಜಪಾನೀಯರಿಂದ ಹಿಡ್ಕೊಂಡ ಹೆಂಡರ್ಸನ್ ಫೀಲ್ಡಿಗೆ ಅದೇ ತಿಂಗಳು 20ಕ್ಕೆ 12 ಡಾಂಟ್‌ಲೆಸ್ ಡೈವ್ ಬಾಂಬರ್, 19 ವೈಲ್ಡ್‌ಕ್ಯಾಟ್ ಫೈಟರ್ ಬಂದಿಳಿದ್ವು. ಬಿಸಿಲಿಗೆ ಧೂಳು, ಮಳೆಗೆ ಕೆಸರು, ಗುಂಡಿ ಮುಚ್ಚಿದಷ್ಟೂ ಹೊಸ ಗುಂಡಿ. ಬಾಂಬ್ ಬಿದ್ದ ಗುಂಡಿಗಳು ಸರಿ, ಆದ್ರೆ ಉದ್ದುದ್ದ ಸಾಲು ಎಲ್ಲಿಂದ ಬರ್ತಿದೆ? ಡಾಂಟ್‌ಲೆಸ್ ಹಡಗಿನ ಡೆಕ್ ಮೇಲೆ ಇಳಿಯೋಕೆ ಅಂತ ಮಾಡಿದ ವಿಮಾನ, ಬಾಲದ ಗಾಲಿ ಸಣ್ಣದು, ಗಟ್ಟಿ ರಬ್ಬರಿಂದು, ಒಳಗೆ ಗಾಳಿ ಇಲ್ಲ. ಮರದ ಹಲಗೆ ಡೆಕ್ಕಿಗೆ ಅದು ಸರಿ, ಮೆದು ಮಣ್ಣಲ್ಲಿ ಅದು ನೇಗಿಲಾಯ್ತು. ಪರಿಹಾರ ಗಾಳಿ ತುಂಬೋ ದೊಡ್ಡ ಬಾಲದ ಗಾಲಿ. ಇದೇ ವಿಮಾನನ ಅಮೆರಿಕದ ಭೂಸೇನೆ ಎ-24 ಅಂತ ತಗೊಂಡಾಗ ಮೊದಲಿಂದಲೇ ಗಾಳಿ ಟೈರಿನ ಬಾಲದ ಗಾಲಿ ಹಾಕ್ಸಿತ್ತು, ಅದು ಇಳೀಬೇಕಾಗಿದ್ದು ನೆಲಕ್ಕೆ ಅಂತ ಅವರಿಗೆ ಗೊತ್ತಿತ್ತು. ಅಂದ್ರೆ ಇಲ್ಲಿ ರೋಗ ಕಂಡಿದ್ದು ನೆಲದಲ್ಲಿ, ಮೂಲ ಇದ್ದಿದ್ದು ಗಾಲೀಲಿ. ನೆಲದಿಂದ ಮೇಲಕ್ಕೆ ಹುಡುಕಿ ಅಂದೆನಲ್ಲ, ಹಂಗೆ ಹೋದ್ರೇನೇ ಇದು ಸಿಗೋದು, ಬರೀ ರನ್‌ವೇ ರಿಪೇರಿ ಮಾಡ್ತಾ ಕೂತ್ರೆ ಸಿಗಲ್ಲ.

ಓಡ್ತಾನೇ ಇದೆ, ಏಳ್ತಾ ಇಲ್ಲ

ಇಂಜಿನ್ ಫುಲ್ ಪವರ್ ಕೊಡ್ತಿದೆ, ಆದ್ರೂ ಸ್ಪೀಡ್ ಬರ್ತಿಲ್ಲ ಅಂದ್ರೆ ಇಂಜಿನ್ ಬಿಡಿ, ಗಾಲಿ ಕೈಯಲ್ಲಿ ತಿರುಗಿಸಿ. ಸ್ಟೂಕಾ ಅಂದ್ರೆ ಯುಂಕರ್ಸ್ 87, ಅದರ ಗಾಲಿ ಮೇಲಕ್ಕೆ ಮಡಚೋದಲ್ಲ, ಗಾಳಿ ಅಡ್ಡ ಹೊಡೀಬಾರ್ದು ಅಂತ ಗಾಲಿ ಸುತ್ತ ತಗಡಿನ ಕವಚ ಇರೋದು. ರಷ್ಯಾದಲ್ಲಿ ವಸಂತಕ್ಕೂ ಶರತ್ಕಾಲಕ್ಕೂ ನೆಲ ಪೂರ್ತಿ ಕೆಸರಾಗತ್ತೆ, ನಮ್ಮ ಉತ್ತರ ಕರ್ನಾಟಕದ ಎರೆಮಣ್ಣಲ್ಲಿ ಮಳೆ ದಿನ ಸೈಕಲ್ ತಳ್ಳಿದವರಿಗೆ ಆ ಕಷ್ಟ ಗೊತ್ತಿರತ್ತೆ, ಮಡ್‌ಗಾರ್ಡ್ ಒಳಗೆ ಮಣ್ಣು ತುಂಬಿ ಗಾಲಿನೇ ತಿರುಗಲ್ಲ, ಕಡ್ಡಿ ಹಾಕಿ ಕೆರೀಬೇಕು. ಸ್ಟೂಕಾಗೂ ಅದೇ ಆಗಿದ್ದು, ಕವಚದೊಳಗೆ ಕೆಸರು ತುರುಕಿಕೊಂಡು ಗಾಲಿ ಬಿಗೀತಿತ್ತು, ರಾತ್ರಿ ಚಳಿಗೆ ಅದು ಹೆಪ್ಪುಗಟ್ಟಿದ್ರಂತೂ ಕಲ್ಲು. ಅಲ್ಲಿನ ಮೆಕ್ಯಾನಿಕ್‌ಗಳು ಕವಚ ಬಿಚ್ಚಿ ಪಕ್ಕಕ್ಕೆ ಇಟ್ರು, ಬರೀ ಗಾಲೀಲೇ ಹಾರಿಸಿದ್ರು. ಫೋಟೋದಲ್ಲಿ ಕವಚ ಇಲ್ಲದ ಸ್ಟೂಕಾ ಕಂಡ್ರೆ ಯಾವ ಕಾಲದ್ದು ಎಂಥ ನೆಲದ್ದು ಅಂತ ಹೆಚ್ಚುಕಮ್ಮಿ ಊಹೆ ಮಾಡ್ಬಹುದು. ಇದರಿಂದ ಗಾಳಿಯ ಎಳೆತ ಸ್ವಲ್ಪ ಜಾಸ್ತಿಯಾಗತ್ತೆ, ನಿಜ, ಆದ್ರೆ ನಿಧಾನಕ್ಕಾದ್ರೂ ಹಾರೋ ವಿಮಾನ ಬೇಕು ತಾನೇ. ಕವಚ ತೆಗೆದ ಮೇಲೆ ಬ್ರೇಕ್ ಪೈಪಿಗೆ ಕಲ್ಲು ನೇರ ಹೊಡೆಯತ್ತೆ, ದಿನಾ ಅದನ್ನ ಕೈಯಲ್ಲಿ ಸವರಿ ನೋಡ್ಬೇಕು.

ಎಣ್ಣೆ ಕುಡೀತಿದೆ, ಪ್ರೊಪೆಲ್ಲರ್ ನಡುಗ್ತಿದೆ

ಧೂಳಿನ ರನ್‌ವೇ ಇಂಜಿನ್ನಿಗೆ ಏನ್ಮಾಡತ್ತೆ ಅಂತ ಉತ್ತರ ಆಫ್ರಿಕಾದಲ್ಲಿ ಬ್ರಿಟಿಷರ ಬಾಂಬರ್‌ಗಳಾದ ಬ್ಲೆನ್‌ಹೀಮ್, ವೆಲಿಂಗ್ಟನ್ ನೋಡಿಕೊಂಡವರಿಗೆ ಚೆನ್ನಾಗಿ ಗೊತ್ತಿತ್ತು. ಮುಂದಿನ ವಿಮಾನ ಎಬ್ಬಿಸಿದ ಧೂಳನ್ನ ಹಿಂದಿನದು ಉಸಿರಾಡತ್ತೆ, ಮರಳು ಪಿಸ್ಟನ್ ರಿಂಗನ್ನ ತೇಯತ್ತೆ. ಎಣ್ಣೆ ಖರ್ಚು ದಿನ ದಿನ ಏರಿದ್ರೆ ಮೊದಲು ಹೊರಗಿನ ಸೋರಿಕೆ ಹುಡುಕಿ, ಇಲ್ಲ ಅಂದ್ರೆ ಕಂಪ್ರೆಷನ್ (ಸಿಲಿಂಡರ್ ಒಳಗಿನ ಒತ್ತಡ) ನೋಡಿ. ಒಂದೇ ಸಿಲಿಂಡರ್ ಬಿದ್ದಿದ್ರೆ ಅದರದ್ದೇ ತೊಂದ್ರೆ, ಎಲ್ಲಾ ಸಿಲಿಂಡರ್ ಸಮವಾಗಿ ಇಳಿದಿದ್ರೆ ಧೂಳು. ಡ್ರೈನ್ ಮಾಡಿದ ಎಣ್ಣೆನ ಹೆಬ್ಬೆರಳು ತೋರುಬೆರಳ ನಡುವೆ ಉಜ್ಜಿ, ಚರಚರ ಅಂದ್ರೆ ಇನ್ನೇನೂ ಅನುಮಾನ ಬೇಡ. ಮರುಭೂಮಿಗೆ ಅಂತ ಹಾಕಿದ ಏರ್ ಫಿಲ್ಟರ್ ಸ್ವಲ್ಪ ಪವರ್ ತಿನ್ನತ್ತೆ, ಅದಕ್ಕೆ ತೆಗೆದುಹಾಕೋ ಆಸೆ ಪೈಲಟ್‌ಗಳಿಗೆ ಇರತ್ತೆ, ತೆಗೀಬಾರ್ದು. ಫಿಲ್ಟರ್ ಇದ್ರೂ ಧೂಳು ಒಳಗೆ ಹೋಗ್ತಿದ್ರೆ ಫಿಲ್ಟರಿನ ಅಂಚಲ್ಲಿ ಗ್ಯಾಸ್ಕೆಟ್ ಹತ್ರ ಧೂಳಿನ ಗೆರೆ ಇರತ್ತೆ, ಗಾಳಿ ಪಕ್ಕದಿಂದ ನುಗ್ತಿದೆ ಅಂತ ಅರ್ಥ.

ಪ್ರೊಪೆಲ್ಲರ್ ವಿಷಯ ಬೇರೆ. 1944ರಲ್ಲಿ ಚೀನಾದ ಚೆಂಗ್ಡು ಸುತ್ತ ಅಮೆರಿಕದ ದೊಡ್ಡ ಬಾಂಬರ್ ಬಿ-29ಗಳಿಗೆ ಲಕ್ಷಾಂತರ ಚೀನಿ ರೈತರು ಕೈಯಲ್ಲೇ ಕಲ್ಲು ಒಡೆದು, ದೊಡ್ಡ ದೊಡ್ಡ ರೋಲರ್‌ನ ಹಗ್ಗ ಕಟ್ಟಿ ಎಳೆದು ರನ್‌ವೇ ಮಾಡಿದ್ರು, ಆ ಶ್ರಮಕ್ಕೆ ಕೈಮುಗೀಬೇಕು. ಅಂಥ ಜಲ್ಲಿ ರನ್‌ವೇಲಿ ನಿಂತಲ್ಲೇ ಇಂಜಿನ್ ಜೋರು ಮಾಡಿದ್ರೆ ಪ್ರೊಪೆಲ್ಲರ್ ಕಲ್ಲು ಹೀರ್ಕೊಳ್ಳತ್ತೆ, ತುದೀಲಿ ಕಚ್ಚು ಬೀಳತ್ತೆ. ಕಚ್ಚು ಸಣ್ಣದು ಅಂತ ಬಿಡ್ಬಾರ್ದು, ಬಿರುಕು ಹುಟ್ಟೋದೇ ಅಲ್ಲಿ. ಬ್ಲೇಡಿನ ಮುಂದಿನ ಅಂಚಿನ ಉದ್ದಕ್ಕೂ ಹೆಬ್ಬೆರಳ ಉಗುರು ಓಡಿಸಿ, ಉಗುರು ಸಿಕ್ಕಿದ ಕಡೆಯೆಲ್ಲ ನುಣ್ಣನೆ ಅರದಿಂದ ಅಂಚಿನ ಉದ್ದಕ್ಕೇ ಉಜ್ಜಿ, ಗುಂಡಿ ಥರ ಇದ್ದದ್ದು ತಟ್ಟೆ ಥರ ಆಗ್ಬೇಕು, ಆಮೇಲೆ ಎಮರಿ. ಒಂದು ಬ್ಲೇಡಿಂದ ಜಾಸ್ತಿ ತೆಗೆದ್ರೆ ತೂಕ ತಪ್ಪಿ ಇನ್ನೊಂದು ಥರ ನಡುಕ ಬರತ್ತೆ, ಅದನ್ನ ಲೆಕ್ಕ ಇಡಿ. ಇಂಜಿನ್ ಟೆಸ್ಟಿಗೆ ಜಲ್ಲಿ ಗುಡಿಸಿದ ಜಾಗ ಮಾಡ್ಕೊಳ್ಳೋದೇ ಅಗ್ಗದ ದಾರಿ.

ಕಾನ್ಪುರದ ಲಿಬರೇಟರ್‌ಗಳು

ಬೆಂಗಳೂರಿಗೆ ಈ ವಿಮಾನಗಳ ನಂಟು ಹಳೇದು. 1940ರ ಡಿಸೆಂಬರಲ್ಲಿ ವಾಲ್‌ಚಂದ್ ಹೀರಾಚಂದ್ ಅವ್ರು ಮೈಸೂರು ಸರ್ಕಾರದ ಜೊತೆ ಸೇರಿ ಶುರು ಮಾಡಿದ ಹಿಂದೂಸ್ತಾನ್ ಏರ್‌ಕ್ರಾಫ್ಟು 1943ರಿಂದ ಯುದ್ಧ ಮುಗಿಯೋ ತನಕ ಅಮೆರಿಕದ ವಾಯುಪಡೆಯ ವಿಮಾನಗಳ ಓವರ್‌ಹಾಲ್ ಡಿಪೊ ಆಗಿತ್ತು, ನೀರಿನ ಮೇಲೆ ಇಳಿಯೋ ಕ್ಯಾಟಲಿನಾ ವಿಮಾನಗಳು ಬೆಳ್ಳಂದೂರು ಕೆರೆಗೇ ಬಂದಿಳೀತಿದ್ವು. ಬಿ-24, ಬಿ-25 ಕೂಡ ಅಲ್ಲಿಗೆ ಬರ್ತಿದ್ವು, ಅಂದ್ರೆ ನಮ್ಮೂರಿನ ಎಷ್ಟೋ ಕೈಗಳು ಈ ಸ್ಟ್ರಟ್ಟು ಗಾಲಿಗಳನ್ನ ಬಿಚ್ಚಿ ಜೋಡಿಸಿವೆ.

ಯುದ್ಧ ಮುಗಿದ ಮೇಲೆ ಕಾನ್ಪುರದ ಚಕೇರಿಯಲ್ಲಿ ಲಿಬರೇಟರ್‌ಗಳನ್ನ ಮತ್ತೆ ಯಾರೂ ಹಾರಿಸದಂಗೆ ಬೇಕಂತಲೇ ಹಾಳು ಮಾಡಿ ಬಿಟ್ಟುಹೋಗಿದ್ರು. 1948ರಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟಿನವರು ಅದರಲ್ಲೇ ಆರಿಸಿ, ಒಂದರ ಪಾರ್ಟ್ ಇನ್ನೊಂದಕ್ಕೆ ಹಾಕಿ, ಬೆಂಗಳೂರಿನ ತನಕ ಒಂದು ಸಲ ಹಾರಿದ್ರೆ ಸಾಕು ಅನ್ನೋ ಮಟ್ಟಕ್ಕೆ ತಂದ್ರು, ಟೆಸ್ಟ್ ಪೈಲಟ್ ಜಿಮ್ಮಿ ಮುನ್ಶಿ ಹಾರಿಸ್ಕೊಂಡು ಬಂದ್ರು, ಹಿಂಗೆ ಸುಮಾರು 40 ವಿಮಾನ.

ವರ್ಷಗಟ್ಟಲೆ ಬಿಸಿಲು ಮಳೇಲಿ ನಿಂತ ಇಂಥ ವಿಮಾನದ ಕಾಲು ನನ್ನ ಕೈಗೆ ಕೊಟ್ರೆ ನಾನು ಮೊದಲು ಹುಡುಕೋದು ಬಿರುಕು. ಯಂತ್ರ ಏನೂ ಬೇಡ. ಪೇಂಟ್ ಕೆರೆದು, ಬೋಲ್ಟ್ ತೂತುಗಳ ಸುತ್ತ, ವೆಲ್ಡಿಂಗ್ ಅಂಚಿಗೆ, ದಪ್ಪ ಹೋಗಿ ತೆಳುವಾಗೋ ಮೂಲೆಗಳಿಗೆ ಸೀಮೆಎಣ್ಣೆ ಹಚ್ಚಿ ಸ್ವಲ್ಪ ಹೊತ್ತು ಬಿಡ್ಬೇಕು. ಆಮೇಲೆ ಒಣಬಟ್ಟೇಲಿ ಪೂರ್ತಿ ಒರೆಸಿ ಸೀಮೆಸುಣ್ಣದ ಪುಡಿ ತೆಳ್ಳಗೆ ಸವರ್ಬೇಕು. ಬಿರುಕಿದ್ರೆ ಒಳಗೆ ಇಳಿದ ಸೀಮೆಎಣ್ಣೆ ನಿಧಾನಕ್ಕೆ ಹೊರಗೆ ಬರತ್ತೆ, ಬಿಳೀ ಪುಡಿ ಮೇಲೆ ಕೂದಲೆಳೆಯಷ್ಟು ಸಣ್ಣ ಕಪ್ಪು ಗೆರೆ ಎದ್ದು ಕಾಣತ್ತೆ. ಅದು ಕಂಡ್ರೆ ಆ ಕಾಲು ಪಕ್ಕಕ್ಕೆ, ಬೇರೆ ವಿಮಾನದ್ದು ತನ್ನಿ. ಕಾಣ್ಲಿಲ್ಲ ಅಂದ್ರೆ ಮೇಲೆ ಹೇಳಿದ ಕ್ರಮದಲ್ಲೇ ಟೈರು, ಬೇರಿಂಗು, ಸ್ಟ್ರಟ್ ಎಣ್ಣೆ, ಡ್ಯಾಂಪರ್ ಗಾಳಿ.

1948ರ ನವೆಂಬರಲ್ಲಿ ಈ ವಿಮಾನಗಳಿಂದಲೇ ನಮ್ಮ ವಾಯುಪಡೆಯ 5ನೇ ಸ್ಕ್ವಾಡ್ರನ್ ಶುರುವಾಯ್ತು, ಕೊನೇವು ರಿಟೈರ್ ಆಗಿದ್ದು 1968ರಲ್ಲಿ. ಒಂದು ದೆಹಲಿಯ ಪಾಲಂ ಮ್ಯೂಸಿಯಂನಲ್ಲಿದೆ. ಹೋದ್ರೆ ಗನ್ನಿನ ಗೂಡು ನೋಡಿದ ಮೇಲೆ ಒಂದು ನಿಮಿಷ ಕುಕ್ಕರಗಾಲಲ್ಲಿ ಕೂತು ಮುಂದಿನ ಗಾಲಿನೂ ನೋಡಿ ಬನ್ನಿ.